ಬಲ ಅಂಚಿನ ಇಬ್ಬರು

ಕಪ್ ಪಂದ್ಯಾವಳಿಯ ಸೆಮಿಫೈನಲ್ ಮುಗಿಯಲು ಇನ್ನು ನಾಲ್ಕೈದು ನಿಮಿಷವಿತ್ತು. ಎರಡೂ ಕಡೆ ಒಂದೊಂದು ಗೋಲು. ನಾರ್ತ್‌ಗೇಟ್ ಫುಟ್‌ಬಾಲ್ ತಂಡದ ವಿಂಗರ್, ಅಂಚಿನಿಂದ ಮುನ್ನುಗ್ಗಿ ಆಡುವ ಕೆಲ್ವಿನ್ ಹ್ಯಾನ್ಲಿ ಬಲಗಡೆಯ ಗೆರೆಯ ಪಕ್ಕದಲ್ಲೇ ಚೆಂಡನ್ನು ಕಾಲಡಿ ಇಟ್ಟುಕೊಂಡು ನಿಂತಿದ್ದ. ಅವನನ್ನು ತಡೆಯಲು ಎದುರಿಗೆ ನಿಂತವನು ಕೆಂಪು ಕೂದಲಿನ ಹುಡುಗ. ಸ್ವಲ್ಪ ಹೊತ್ತಿನ ಹಿಂದೆ ಅದೇ ಹುಡುಗನ ಕಾಲಸಂದಿಯಿಂದ ಚೆಂಡು ತೂರಿಸಿ ಕೆಲ್ವಿನ್ ದಾಟಿ ಹೋದಾಗ ಇಡೀ ಮೈದಾನ ಹೋ ಎಂದಿತ್ತು. ಆ ಸದ್ದು ಇನ್ನೊಂದು ಸಲ ಕೇಳಬೇಕು ಅನ್ನಿಸಿತು ಅವನಿಗೆ.

ಅವನ ಹಿಂದೆ ಅದೇ ಅಂಚನ್ನು ಕಾಯುವ ಜೊತೆಗಾರ ರಸೆಲ್ ಅಕ್ರಾಯ್ಡ್ ಕೂಗುತ್ತಿದ್ದ. "ಸಾಕು ಕೆಲ್, ಇತ್ತ ಕೊಡು. ನನಗೆ ಕೊಡು."

ಕೆಲ್ವಿನ್ ಕೊಡಲಿಲ್ಲ. ಮತ್ತೆ ಅದೇ ಸಂದಿಯಲ್ಲಿ ತೂರಿಸಲು ಹೋದ. ಹುಡುಗ ಈ ಸಲ ಮೊಣಕಾಲು ಕೂಡಿಸಿಕೊಂಡ. ಚೆಂಡು ಅವನ ಪಾಲಾಯಿತು.

ಚೆಂಡು ಕಳೆದುಕೊಂಡವನು ಅದನ್ನು ಕಸಿದುಕೊಂಡವನ ಬೆನ್ನು ಬಿಡಬಾರದು. ಕೆಲ್ವಿನ್‌ಗೆ ನಿದ್ದೆಯಲ್ಲಿ ಕೇಳಿದರೂ ಇದು ಗೊತ್ತು. ಆದರೂ ಅವನು ಸೊಂಟಕ್ಕೆ ಕೈಯಿಟ್ಟು, ನನ್ನನ್ನು ತಳ್ಳಿದ ಎಂದು ರೆಫರಿಗೆ ಸನ್ನೆ ಮಾಡುತ್ತಾ ಅಲ್ಲೇ ನಿಂತ. ಕೆಂಪು ಕೂದಲಿನವನು ಚೆಂಡನ್ನು ಮುಂದಿನವನಿಗೆ ದಾಟಿಸಿ ತಾನೂ ಓಡಿದ. ರಸೆಲ್ ಒಬ್ಬನ ಎದುರಿಗೆ ಇಬ್ಬರು. ಅವನು ಮೊದಲು ಒಬ್ಬನಿಗೆ ಅಡ್ಡ ಹೋದ. ಚೆಂಡು ಇನ್ನೊಬ್ಬನಿಗೆ ಹೋದದ್ದು ಕಂಡು ಗಕ್ಕನೆ ತಿರುಗಿದ. ಕಾಲು ಜಾರಿತು. ಬಿದ್ದ. ಕೆಂಪು ಕೂದಲಿನವನು ಅವನನ್ನು ಹಾರಿ ದಾಟಿ ಗೋಲು ಹೊಡೆದ.

ಮೈದಾನದ ದೊಡ್ಡ ಪರದೆಯ ಮೇಲೆ ಅದನ್ನು ಮತ್ತೆ ಮತ್ತೆ ತೋರಿಸಿದರು. ಪರದೆಯಲ್ಲಿ ಇದ್ದದ್ದು ಹುಲ್ಲಿನ ಮೇಲೆ ಅಂಗಾತ ಬಿದ್ದ ರಸೆಲ್ ಒಬ್ಬನೇ. ಕೆಲ್ವಿನ್ ಆ ಚಿತ್ರದ ಹೊರಗೆಲ್ಲೋ ಇದ್ದ.

ಆಟ ಮುಗಿದ ಮೇಲೆ ಟೀವಿಯವರು ಕೆಲ್ವಿನ್‌ನನ್ನೇ ಕರೆದರು. ತಂಡದ ಒಂದು ಗೋಲಿಗೆ ಪಾಸು ಕೊಟ್ಟವನು ಅವನೇ. ಹೊಗಳಿಕೆ ಮುಗಿಸಿ, ಎರಡನೇ ಗೋಲು ಹೇಗೆ ಬಿಟ್ಟುಕೊಟ್ಟಿರಿ ಎಂದು ಕೇಳಿದರು. ನಿಜ ನಾಲಿಗೆ ತುದಿಯವರೆಗೂ ಬಂದಿತ್ತು. ಬಾಯಿಂದ ಹೊರಟದ್ದೇ ಬೇರೆ.

"ಏನ್ ಮಾಡೋದು. ಕೊನೇಲಿ ಹಿಂದೆ ಇದ್ದೋರಿಗೆ ಕಾಲು ಸೋತಿತ್ತು ಅನ್ಸತ್ತೆ. ವಯಸ್ಸಾಗತ್ತಲ್ಲ."

ಹೇಳಿ ಸಣ್ಣಗೆ ನಕ್ಕ. ಆಮೇಲೆ ಅವನನ್ನು ಹೆಚ್ಚು ಕಾಡಿದ್ದು ಆ ಮಾತಿಗಿಂತ ಆ ನಗು.

ಮಾರನೇ ದಿನ ಭಾನುವಾರ. ಲೀಡ್ಸ್‌ನ ಚಾಪೆಲ್‌ಟೌನಿನಲ್ಲಿ ತಾಯಿಯ ಮನೆಗೆ ಊಟಕ್ಕೆ ಹೋದ. ತಾಯಿ ವೆರೋನಾ ನೆವಿಸ್ ದ್ವೀಪದಿಂದ ಬಂದವರ ಮಗಳು. ಊರಲ್ಲಿ ಬಸ್ಸು ಓಡಿಸುತ್ತಾಳೆ. ಕೆಲಸ ಬಿಡು ಅಂತ ಮಗ ಹೇಳಿ ಹೇಳಿ ಸೋತಿದ್ದ. "ನೀನು ಓಡೋದು ನಿಲ್ಲಿಸು, ನಾನು ಓಡಿಸೋದು ನಿಲ್ಲಿಸ್ತೀನಿ" ಅನ್ನುತ್ತಿದ್ದಳು. ಉಪ್ಪುಮೀನಿನ ಪಲ್ಯ, ಜಾನಿಕೇಕು ಎನ್ನುವ ಕರಿದ ರೊಟ್ಟಿ ತಟ್ಟೆಗೆ ಬಡಿಸಿ ಎದುರಿಗೆ ಕೂತಳು. ಹಿಂದಿನ ದಿನ ಅವಳೂ ಮೈದಾನದಲ್ಲಿ ಇದ್ದಳು.

"ಆ ಗೋಲು ಆದಾಗ ನೀನೆಲ್ಲಿ ನಿಂತಿದ್ದೆ?" ಅಂದಳು.

"ಮುಂದುಗಡೆ ಇದ್ದೆ. ಬಿಡಮ್ಮ, ಊಟ ಮಾಡೋಣ."

"ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದೆ. ನನಗೆ ಫುಟ್‌ಬಾಲು ಗೊತ್ತಿಲ್ಲ ಮಗಾ. ಎಲ್ಲರೂ ಚೆಂಡು ನೋಡ್ತಾರೆ, ನಾನು ನಿನ್ನೊಬ್ಬನ್ನೇ ನೋಡ್ತೀನಿ. ಆ ಕೆಂಪು ಕೂದಲಿನೋನು ನಿನ್ನ ಪಕ್ಕದಲ್ಲೇ ಓಡಿದ. ನೀನು ಕದಲಲಿಲ್ಲ. ಆಮೇಲೆ ಟೀವೀಲಿ ಆ ಮನುಷ್ಯನ ಮೇಲೆ ಹಾಕ್ದೆ. ನಗ್ತಾ ಬೇರೆ ಇದ್ದೆ."

ಕೆಲ್ವಿನ್ ಜಾನಿಕೇಕನ್ನು ಮುರಿಯುತ್ತಾ ಕೂತ. ತಾಯಿಯೂ ಮತ್ತೆ ಆ ಮಾತು ಎತ್ತಲಿಲ್ಲ. ಪಾತ್ರೆ ತೊಳೆಯುವಾಗ ಮಾತ್ರ, ಬೆನ್ನು ಹಾಕಿಕೊಂಡೇ, "ಒಳ್ಳೇ ಮನುಷ್ಯ ಕಣೋ ಅವನು" ಅಂದಳು.

ರಸೆಲ್ ಒಳ್ಳೆಯ ಮನುಷ್ಯ ಅನ್ನುವುದನ್ನು ಕೆಲ್ವಿನ್‌ಗೆ ಯಾರೂ ಹೇಳಬೇಕಿರಲಿಲ್ಲ. ಹದಿನೇಳರ ಹರೆಯದಲ್ಲಿ ದೊಡ್ಡವರ ತಂಡಕ್ಕೆ ಬಂದಾಗ ಕೆಲ್ವಿನ್‌ಗೆ ಕಾಲಲ್ಲಿ ವೇಗವಿತ್ತು, ತಲೆಯಲ್ಲಿ ಏನೂ ಇರಲಿಲ್ಲ. ಬಲ ಅಂಚಿನಲ್ಲಿ ಹಿಂದೆ ರಸೆಲ್, ಮುಂದೆ ಕೆಲ್ವಿನ್. ರಸೆಲ್ ಸಣ್ಣವನಿದ್ದಾಗಿನಿಂದ ಅದೇ ಕ್ಲಬ್ಬಿನಲ್ಲಿ ಬೆಳೆದವನು. ನೋಡಲು ಅಂಥ ಚೆಂದದ ಆಟವಲ್ಲ. ಆದರೆ ಕೆಲ್ವಿನ್ ಮುಂದೆ ಹಾರಿದಾಗಲೆಲ್ಲ ಹಿಂದೆ ಬಿಟ್ಟ ಜಾಗಕ್ಕೆ ಓಡಿ ಬಂದು ನಿಲ್ಲುತ್ತಿದ್ದವನು ಅವನು. "ನೀನು ಮುಂದೆ ಹೋಗು, ಹಿಂದಿನದು ನನಗೆ ಬಿಡು. ನಾನು ಕರೆದಾಗ ಮಾತ್ರ ಬಂದುಬಿಡು, ಅಷ್ಟೇ ಕೇಳೋದು" ಅನ್ನುತ್ತಿದ್ದ. ಐದು ವರ್ಷ ಕೆಲ್ವಿನ್‌ನ ಹೆಸರು ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂತು. ಸ್ಪೇನಿನ ದೊಡ್ಡ ಕ್ಲಬ್ಬೊಂದರ ಜನ ಅವನ ಆಟ ನೋಡಲು ಬರತೊಡಗಿದರು. ಅದರಲ್ಲಿ ಅರ್ಧ ರಸೆಲ್‌ನ ಓಟ ಎಂದು ಅವರಿಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಸಂದರ್ಭ ಒಂದೇ ಸಲ ಬಂದಿತ್ತು, ಅದೂ ಕ್ಯಾಮೆರಾ ಎದುರಿಗೆ.

ಸೋಮವಾರ ತಂಡದವರೆಲ್ಲ ಕೂತು ಸೆಮಿಫೈನಲ್ಲಿನ ಚಿತ್ರ ನೋಡಿದರು. ಮ್ಯಾನೇಜರ್ ಕಿನ್‌ಲಾಕ್ ಸ್ಕಾಟ್ಲೆಂಡಿನವನು, ಯಾರ ಮುಲಾಜೂ ಇಟ್ಟುಕೊಳ್ಳದವನೆಂದು ಹೆಸರಾದವನು. ಎರಡನೇ ಗೋಲಿನ ಹೊತ್ತಿಗೆ ಕೆಲ್ವಿನ್ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೈದಾನದ ಮೇಲಿನ ಕ್ಯಾಮೆರಾದಲ್ಲಿ ಎಲ್ಲರೂ ಕಾಣುತ್ತಾರೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೆ ಪರದೆಯ ಮೇಲೆ ಚಿತ್ರ ಶುರುವಾದದ್ದೇ ಕೆಂಪು ಕೂದಲಿನವನು ಗೋಲಿನ ಹತ್ತಿರ ಬಂದಾದ ಮೇಲೆ. ಅದಕ್ಕಿಂತ ಹಿಂದಿನದನ್ನು ಯಾರೋ ಕತ್ತರಿಸಿದ್ದರು.

"ಇಲ್ಲಿ ಕಾಲು ಊರಿ ನಿಲ್ಲಬೇಕು ರಸೆಲ್" ಅಂದ ಕಿನ್‌ಲಾಕ್, ಅಷ್ಟೇ.

ಮುಂದಿನ ಸಾಲಿನಲ್ಲಿದ್ದ ರಸೆಲ್ ತಿರುಗಿ ಕೆಲ್ವಿನ್‌ನನ್ನು ನೋಡಿದ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಏನನ್ನೋ ಕಾಯುವ ಹಾಗೆ ನೋಡಿದ. ಕೆಲ್ವಿನ್ ಬಗ್ಗಿ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ.

ಎಲ್ಲರೂ ಎದ್ದು ಹೋದ ಮೇಲೆ ಕಿನ್‌ಲಾಕ್‌ನ ಹತ್ತಿರ ಉಳಿದ. "ಬಾಸ್, ಆ ಗೋಲು..."

"ನಾನು ನೋಡಿಲ್ಲ ಅಂದ್ಕೊಂಡ್ಯಾ? ನಿನಗಿಂತ ಮುಂಚೆ ನೋಡಿದೀನಿ. ಅವನಿಗೆ ಮೂವತ್ಮೂರು, ನಿನಗೆ ಇಪ್ಪತ್ತೆರಡು. ಲೀಗ್‌ನಲ್ಲಿ ಇನ್ನೂ ಐದಾರು ಆಟ ಬಾಕಿ ಇದೆ, ನಿನ್ನ ತಲೆ ಕೆಡೋದು ನನಗೆ ಬೇಡ. ಹೋಗು, ಸ್ನಾನ ಮಾಡು."

ಕೆಲ್ವಿನ್‌ಗೆ ಮೊದಲು ಆದದ್ದು ಹಾಯೆನ್ನುವ ನೆಮ್ಮದಿ. ನೀರಿನ ಕೆಳಗೆ ನಿಂತಾಗ ಆ ನೆಮ್ಮದಿಯೇ ಅವನನ್ನು ಹಿಂಡಿತು. ಹುಡುಗರೆಲ್ಲ ಹೊರಟುಹೋದರೂ ನಲ್ಲಿ ನಿಲ್ಲಿಸಲು ಕೈ ಬರಲಿಲ್ಲ. ಹೊರಗೆ ಬಂದರೆ ರಸೆಲ್ ಎದುರಾಗಬಹುದಿತ್ತು.

ಶನಿವಾರ ಊರಿನ ಮೈದಾನದಲ್ಲಿ ಆಟ. ರಸೆಲ್‌ಗೆ ಮೊದಲ ಸಲ ಚೆಂಡು ಬಂದಾಗ ಗೋಲಿನ ಹಿಂದಿನ ಗ್ಯಾಲರಿಯಿಂದ ಹಾಡು ಎದ್ದಿತು:

ಕಾಲು ಸೋತೋನೇ, ಮನೆಗೆ ಹೋಗೋ,
ಅಜ್ಜಿ ಚಹಾ ಕಾಸಿಟ್ಟವಳೆ, ಬೇಗ ಹೋಗೋ.

ಹಾಡಿದವರು ಎದುರಾಳಿಗಳಲ್ಲ, ತಮ್ಮವರೇ. ನಗುತ್ತಾ, ಮಕ್ಕಳನ್ನು ಭುಜದ ಮೇಲೆ ಕೂರಿಸಿಕೊಂಡು ಹಾಡಿದರು. ತನ್ನ ಬಾಯಿಂದ ಬಿದ್ದ ಮಾತು ಸಾವಿರಾರು ಬಾಯಿಗಳಲ್ಲಿ ತಾಳ ಹಿಡಿದದ್ದನ್ನು ಕೆಲ್ವಿನ್ ಗೆರೆಯ ಪಕ್ಕ ನಿಂತು ಕೇಳಿದ. ಕಿವಿ ಕೆಂಪಾಯಿತು. ಅವತ್ತು ಅವನು ಹುಚ್ಚನಂತೆ ಹಿಂದಕ್ಕೆ ಓಡಿ ಓಡಿ ರಸೆಲ್‌ಗೆ ಆಸರೆಯಾದ. ಜನಕ್ಕೆ ಕಂಡದ್ದು ಬೇರೆ. "ನೋಡ್ರಯ್ಯ, ಮುದುಕನ ಕೆಲಸಾನೂ ಪಾಪ ಹುಡುಗನೇ ಮಾಡ್ಬೇಕು" ಎಂದು ಯಾರೋ ಗೆರೆಯಾಚೆಯಿಂದ ಕೂಗಿದರು. ಅರ್ಧ ಆಟ ಮುಗಿಯುವ ಮೊದಲೇ ಕಿನ್‌ಲಾಕ್ ರಸೆಲ್‌ನನ್ನು ಹೊರಗೆ ಕರೆದ. ಅವನು ಹೊರಗೆ ನಡೆದಾಗ ಚಪ್ಪಾಳೆಯೂ ಬಂತು, ಅದು ಅವನು ಹೊರಟದ್ದಕ್ಕೆ.

ಅದರ ಮರುವಾರ ಕೆಲ್ವಿನ್ ಅಭ್ಯಾಸದ ಮೈದಾನದ ಕಾರ್ ಪಾರ್ಕಿನಲ್ಲಿ ರಸೆಲ್‌ಗಾಗಿ ಕಾದ. ರಸೆಲ್ ತನ್ನ ಹಳೇ ವ್ಯಾನಿನ ಹಿಂಬಾಗಿಲು ತೆಗೆದು ಚೀಲ ಎಸೆದ.

"ರಸೆಲ್, ಆ ಗೋಲು ನನ್ನದು. ತಪ್ಪು ನನ್ನದು. ಟೀವೀಲಿ ಯಾಕೆ ಹಂಗಂದೆ ಅಂತ ನನಗೇ..."

"ನನಗ್ಯಾಕೆ ಹೇಳ್ತಿದೀಯ?" ಅಂದ ರಸೆಲ್. ಧ್ವನಿ ಏರಿಸಲಿಲ್ಲ. "ನಾನು ಅಲ್ಲೇ ಇದ್ನಲ್ಲೋ. ನಿನ್ನ ಕೂಗಿದ್ದೇ ನಾನು. ಗೊತ್ತಿಲ್ಲದೇ ಇರೋರಿಗೆ ಹೋಗಿ ಹೇಳು."

"ಹೇಳ್ತೀನಿ."

"ಸರಿ ಹಾಗಾದ್ರೆ." ವ್ಯಾನು ಹೊರಟುಹೋಯಿತು.

ಹೇಳುತ್ತೇನೆ ಎಂದವನು ಹೇಳಲಿಲ್ಲ. ಕ್ಲಬ್ಬಿನಲ್ಲಿ ಪತ್ರಿಕೆಯವರನ್ನು ನೋಡಿಕೊಳ್ಳುವ ಹೆಂಗಸು, ಸ್ಪೇನಿನವರು ನೋಡುತ್ತಿರುವಾಗ ಇಂಥದ್ದೆಲ್ಲ ಯಾಕೆ, ಹಾಡು ತಾನಾಗೇ ನಿಲ್ಲುತ್ತದೆ ಎಂದಳು. ಕೆಲ್ವಿನ್ ತಲೆಯಾಡಿಸಿದ. ಅವಳು ಬೇಡ ಎಂದದ್ದು ಅವನಿಗೆ ಅನುಕೂಲವಾಗಿಯೇ ಕಂಡಿತು. ಈ ವಾರ ಬೇಡ, ಮುಂದಿನ ಆಟ ಗೆದ್ದ ಮೇಲೆ, ಸೀಸನ್ ಮುಗಿದ ಮೇಲೆ ಎಂದು ದೂಡುತ್ತಾ ಹೋದ. ಹಾಡು ನಿಲ್ಲಲಿಲ್ಲ. ರಸೆಲ್ ಆಡದ ದಿನವೂ ಅವನು ಗೆರೆಯ ಪಕ್ಕ ಮೈ ಬಿಸಿ ಮಾಡಿಕೊಳ್ಳಲು ಎದ್ದರೆ ಸಾಕು, ಹಾಡುತ್ತಿದ್ದರು. ಮೇ ತಿಂಗಳಲ್ಲಿ ಕ್ಲಬ್ಬು ಅವನ ಕರಾರು ಮುಂದುವರಿಸುವುದಿಲ್ಲ ಎಂದು ಎರಡು ಸಾಲಿನಲ್ಲಿ ಪ್ರಕಟಿಸಿತು. ಸಣ್ಣವನಿದ್ದಾಗ ಬಂದವನು ಹಿಂಬಾಗಿಲಿಂದ ಹೋದ.

ಅದಾದ ಭಾನುವಾರ ಅಭಿಮಾನಿಗಳ ಸಂಘದವರು ಮೈದಾನದ ಸಭಾಂಗಣದಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡಿದ್ದರು. ವರ್ಷದ ಆಟಗಾರ ಕೆಲ್ವಿನ್ ಹ್ಯಾನ್ಲಿ. ಹುರಿದ ಗೋಮಾಂಸ, ಆಲೂಗೆಡ್ಡೆ, ಮೇಜಿನ ತುಂಬ ಬಿಯರು. ವೆರೋನಾ ಹಸಿರು ಹ್ಯಾಟು ಹಾಕಿಕೊಂಡು ಮುಂದಿನ ಮೇಜಿನಲ್ಲಿ ಕೂತಿದ್ದಳು. ರಸೆಲ್ ಬಂದಿರಲಿಲ್ಲ.

ಪ್ರಶಸ್ತಿಯ ಗಾಜಿನ ಬಟ್ಟಲು ಕೈಗೆ ಬಂದಾಗ ಕೆಲ್ವಿನ್ ಸಂಘದವರು ಬರೆದುಕೊಟ್ಟದ್ದನ್ನು ಜೇಬಿನಲ್ಲೇ ಬಿಟ್ಟ. ಮೈಕು ಹಿಡಿದುಕೊಂಡ.

"ಸೆಮಿಫೈನಲ್ ಸೋತದ್ದು ನನ್ನಿಂದ. ರಸೆಲ್ ಅಕ್ರಾಯ್ಡ್‌ನಿಂದ ಅಲ್ಲ. ಓಡಿ ಬಂದವನು ನನ್ನ ಪಾಲಿನವನು, ನಾನು ಅವನನ್ನು ಬಿಟ್ಟುಬಿಟ್ಟೆ. ಆಮೇಲೆ ರಸೆಲ್ ಮೇಲೆ ಹಾಕಿದೆ. ಅವನ ಕಾಲು ಸೋತಿರಲಿಲ್ಲ. ನಾನೇ ಓಡಲಿಲ್ಲ. ಇದು ನನಗೆ ಸಲ್ಲಬಾರದು."

ಹಿಂದಿನ ಮೇಜಿನಲ್ಲಿ ಒಬ್ಬ ಎದ್ದು ನಿಂತ. "ಎಂಥ ಹುಡುಗ ನೋಡ್ರಪ್ಪ" ಅಂದ. ಚಪ್ಪಾಳೆ ಶುರುವಾಯಿತು. ಎಲ್ಲರೂ ಎದ್ದರು. ಸಂಘದ ಅಧ್ಯಕ್ಷ ಅವನ ಭುಜ ತಬ್ಬಿಕೊಂಡು ಮೈಕಿಗೆ ಬಗ್ಗಿ, "ಹೋದವನ ತಪ್ಪನ್ನೂ ತನ್ನ ತಲೆ ಮೇಲೆ ಹೊತ್ಕೊಳ್ತಾನೆ. ಇದು ದೊಡ್ಡತನ" ಎಂದ. ಕೆಲ್ವಿನ್ "ಇಲ್ಲ, ನಾನು ನಿಜವಾಗಿ" ಎನ್ನುವಷ್ಟರಲ್ಲಿ ಅವನ ಹೆಸರು ಹಿಡಿದು ಹಾಡಲು ಶುರುಮಾಡಿದ್ದರು. ಅವನು ಗಾಜಿನ ಬಟ್ಟಲು ಹಿಡಿದುಕೊಂಡು ಆ ಗದ್ದಲದ ನಡುವೆ ನಿಂತ. ಮುಂದಿನ ಮೇಜಿನಲ್ಲಿ ವೆರೋನಾ ಒಬ್ಬಳೇ ಕೂತಲ್ಲೇ ಕೂತಿದ್ದಳು. ಅವಳ ಕೈಗಳು ತೊಡೆಯ ಮೇಲಿದ್ದವು.

ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ಹೇಳಿದಳು, "ನೀನು ಹೇಳಿದ್ದು ಸರಿಯಾಗೇ ಹೇಳ್ದೆ. ನಾನು ಇಲ್ಲ ಅನ್ನಲ್ಲ. ಆದ್ರೆ ಅವನಿಗೆ ಏನು ಸಿಕ್ತು? ಇದರಲ್ಲೂ ನೀನೇ ಗೆದ್ದೆ."

ಮರುದಿನ ಬೆಳಗ್ಗೆ ಕೆಲ್ವಿನ್ ರಸೆಲ್‌ನ ಮನೆಯ ಗಂಟೆ ಒತ್ತಿದ. ಊರಾಚೆ, ಕಲ್ಲಿನ ಸಾಲು ಮನೆಗಳಲ್ಲಿ ಒಂದು. ಬಾಗಿಲು ತೆಗೆದವಳು ರಸೆಲ್‌ನ ಹೆಂಡತಿ ಬ್ರಿಜೆಟ್. ಕೆಲ್ವಿನ್ ಈ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದ. ಅವಳು ಅವನನ್ನು ಒಳಗೆ ಕರೆಯಲಿಲ್ಲ.

"ಅವರಿಲ್ಲ. ಕೆಳಗಿನ ಡಿವಿಷನ್ನಿನ ಒಂದು ಕ್ಲಬ್ಬನ್ನ ನೋಡ್ಕೊಂಡು ಬರೋಕೆ ಹೋಗಿದಾರೆ. ಇದ್ದಿದ್ರೂ ಒಳಗೆ ಬಿಡ್ತಿರಲಿಲ್ಲ."

"ಕ್ಷಮೆ ಕೇಳೋಕೆ ಬಂದೆ. ನಿನ್ನೆ ಊಟದಲ್ಲಿ ಎಲ್ಲರ ಮುಂದೆ ಹೇಳ್ದೆ ನಾನು..."

"ಗೊತ್ತು. ಓದಿದೆ. ನೀನು ದೊಡ್ಡ ಮನುಷ್ಯನಂತೆ." ಅವಳು ಬಾಗಿಲಿಗೆ ಒರಗಿ ನಿಂತಳು. "ಆ ಹಾಡು ನಮ್ಮ ಟ್ಯಾಮ್ಸಿನ್ ಶಾಲೇಲೂ ಹಾಡ್ತಾರೆ, ಗೊತ್ತಾ ನಿನಗೆ? ಅವಳ ತಂಡದ ಹುಡುಗೀರೇ. ಹತ್ತು ವರ್ಷದ ಮಗು. ಬೂಟು ತಗೊಂಡೋಗಿ ಕಸದ ಡಬ್ಬಿಗೆ ಹಾಕಿದ್ಲು, ನಾನು ತೆಗೆದಿಟ್ಟೆ. ಅಪ್ಪನ ಹತ್ರ ಹೇಳಬೇಡಮ್ಮ ಅಂದ್ಲು. ಊಟದ ಮನೇಲಿ ಭಾಷಣ ಮಾಡಿದ್ರೆ ಅವಳಿಗೇನು ಬಂತು?"

ಟ್ಯಾಮ್ಸಿನ್‌ಗೆ ಚೆಂಡನ್ನು ಹಿಮ್ಮಡಿಯಲ್ಲಿ ಎತ್ತುವುದು ಕಲಿಸಿಕೊಟ್ಟವನು ಕೆಲ್ವಿನ್. ಇದೇ ಮನೆಯ ಹಿತ್ತಲಿನಲ್ಲಿ.

"ಆ ಹುಡುಗೀರ ಅಭ್ಯಾಸ ಯಾವತ್ತು?" ಅಂದ.

"ಬುಧವಾರ, ಶಾಲೆ ಬಿಟ್ಟ ಮೇಲೆ. ಕ್ಯಾಮೆರಾದೋರನ್ನ ಕರ್ಕೊಂಡು ಬಂದ್ರೆ ನಾನೇ ಅಟ್ಟಿಸಿಕೊಂಡು ಬರ್ತೀನಿ."

"ಒಬ್ಬನೇ ಬರ್ತೀನಿ."

ಬುಧವಾರ ಮಧ್ಯಾಹ್ನ ಮೋಡ ಮುಚ್ಚಿಕೊಂಡಿತ್ತು. ಶಾಲೆಯ ಹಿಂದಿನ ಇಳಿಜಾರು ಮೈದಾನದಲ್ಲಿ ಹುಡುಗಿಯರು ಅವನನ್ನು ಕಂಡು ಮೊದಲು ಕಿರುಚಿದರು, ತೋಳಿನ ಮೇಲೆ ಹೆಸರು ಬರೆಸಿಕೊಳ್ಳಲು ಮುತ್ತಿದರು. ಟ್ಯಾಮ್ಸಿನ್ ದೂರದಲ್ಲಿ ಅಮ್ಮನ ಪಕ್ಕ ನಿಂತಿದ್ದಳು. ಬಲವಂತಕ್ಕೆ ಬಂದಿದ್ದಳು, ಕಾಲಲ್ಲಿ ಬೂಟು ಇರಲಿಲ್ಲ. ಕೆಲ್ವಿನ್ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿದ. ಅವರ ನೀರಿನ ಬಾಟಲಿಗಳನ್ನೇ ತೆಗೆದು ನಿಲ್ಲಿಸಿದ.

"ಸೆಮಿಫೈನಲ್ ನೋಡಿದ್ರಾ? ಇದು ನಾನು. ಇದು ಆ ಕೆಂಪು ಕೂದಲಿನೋನು. ಇದು ಟ್ಯಾಮ್ಸಿನ್ ಅಪ್ಪ." ಬಾಟಲಿಗಳನ್ನು ಸರಿಸುತ್ತಾ ಹೋದ. ಚೆಂಡು ಎಲ್ಲಿ ಹೋಯಿತು, ತಾನೆಲ್ಲಿ ನಿಂತುಬಿಟ್ಟ, ರಸೆಲ್ ಎದುರು ಇಬ್ಬರು ಹೇಗೆ ಬಂದರು, ಎಲ್ಲ ತೋರಿಸಿದ.

ಎರಡು ಜಡೆಯ ಹುಡುಗಿಯೊಬ್ಬಳು ಮುಂದಕ್ಕೆ ಬಗ್ಗಿ ನೋಡಿದಳು. "ಇವನ ಹಿಂದೆ ನೀನು ಓಡಬೇಕಿತ್ತು."

"ಹೌದು."

"ನೀನು ಓಡಲೇ ಇಲ್ಲ."

"ಇಲ್ಲ."

"ಮತ್ತೆ ಇವಳಪ್ಪನಿಗೆ ಕಾಲು ಸೋತಿದೆ ಅಂತ ಯಾಕಂದೆ?"

ಕೆಲ್ವಿನ್ ಈ ಪ್ರಶ್ನೆಗೆ ಸಿದ್ಧನಾಗಿ ಬಂದಿದ್ದ. ಆದರೂ ಆ ಹತ್ತು ಹದಿನೈದು ಮುಖಗಳ ಎದುರಿಗೆ ಅವನ ಕುತ್ತಿಗೆಯವರೆಗೂ ಬಿಸಿ ಏರಿತು. "ಎಲ್ಲರೂ ನನ್ನ ಬೈತಾರೆ ಅಂತ ಹೆದರಿಕೆ ಆಯ್ತು. ಅದಕ್ಕೆ ಸುಳ್ಳು ಹೇಳ್ದೆ."

"ನಮ್ಮ ಮಿಸ್ ಆಗಿದ್ರೆ ನಿನ್ನ ಹೊರಗೆ ನಿಲ್ಲಿಸ್ತಿದ್ರು" ಅಂದಳು ಇನ್ನೊಬ್ಬಳು. ಯಾರೋ ಕಿಸಕ್ಕೆಂದರು. ಎರಡು ಜಡೆಯವಳು ನಗಲಿಲ್ಲ. "ಹೊಲಸು ಕೆಲಸ ಮಾಡ್ದೆ" ಅಂದಳು. "ನಾವೂ ಸುಮ್ನೆ ಅವಳನ್ನ ಅಳಿಸಿದ್ವಿ."

"ಹೌದು. ನನ್ನಿಂದ."

ಅವಳು ಎದ್ದು ಟ್ಯಾಮ್ಸಿನ್ ಇದ್ದ ಕಡೆ ಹೋದಳು. ಏನೋ ಹೇಳಿದಳು, ಕೇಳಿಸಲಿಲ್ಲ. ಟ್ಯಾಮ್ಸಿನ್ ಭುಜ ಕುಣಿಸಿದಳು. ಬ್ರಿಜೆಟ್ ಕಾರಿನ ಹಿಂಬದಿಯಿಂದ ಬೂಟು ತೆಗೆದುಕೊಟ್ಟಳು. ಹುಡುಗಿ ಅದನ್ನು ನಿಧಾನಕ್ಕೆ ಹಾಕಿಕೊಂಡಳು. ಕೆಲ್ವಿನ್‌ನ ಪಕ್ಕದಲ್ಲೇ ಹಾದು ಮೈದಾನಕ್ಕೆ ಹೋದಳು. ಅವನ ಕಡೆ ನೋಡಲಿಲ್ಲ. ನೋಡಲಿ ಎಂದು ಬಯಸುವ ಹಕ್ಕೂ ತನಗಿಲ್ಲ ಎಂದು ಅವನಿಗೆ ಅನ್ನಿಸಿತು. ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಬೇಲಿಯ ಬಳಿ ಇಟ್ಟ.

ಬೇಲಿಯಾಚೆ ರಸೆಲ್ ನಿಂತಿದ್ದ. ಯಾವಾಗ ಬಂದನೋ.

"ನಮ್ಮನೆಯವಳು ಫೋನ್ ಮಾಡಿದ್ಲು" ಅಂದ.

"ರಸೆಲ್."

"ಏನೂ ಹೇಳಬೇಡ. ಕೇಳಿಸ್ಕೊಂಡೆ." ಅವನು ಮೈದಾನದ ಕಡೆಗೇ ನೋಡುತ್ತಿದ್ದ. "ಇವತ್ತು ಇದು ಆಯ್ತು. ಒಳ್ಳೇದಾಯ್ತು. ಅವಳು ನಿನ್ನ ಕ್ಷಮಿಸ್ತಾಳೆ ಅಂತ ಕಾಯಬೇಡ. ನಾನು ಕ್ಷಮಿಸಿದೀನಾ ಅಂತ ನನಗೂ ಗೊತ್ತಿಲ್ಲ ಕಣೋ. ನಿನಗೆ ಹದಿನೇಳಾಗಿದ್ದಾಗಿಂದ ನೋಡ್ಕೊಂಡಿದ್ದೆ ನಿನ್ನ."

"ಹೂಂ."

"ಸ್ಪೇನಿಗೆ ಹೋಗ್ತೀಯಂತೆ?"

"ಗೊತ್ತಿಲ್ಲ. ಈ ವರ್ಷ ಬೇಡ ಅಂದೆ."

ರಸೆಲ್ ಮಗಳ ಆಟ ನೋಡಲು ಬೇಲಿಯುದ್ದಕ್ಕೂ ಮುಂದೆ ನಡೆದ.

ಆಗಸ್ಟಿನಲ್ಲಿ ಹೊಸ ಸೀಸನ್ ಶುರುವಾಯಿತು. ಕೆಲ್ವಿನ್‌ನ ಹಿಂದೆ ಈಗ ಡೆನ್ಮಾರ್ಕಿನ ಹುಡುಗನೊಬ್ಬ ಆಡುತ್ತಾನೆ. ಚೆಂಡು ಹೋದ ಗಳಿಗೆಗೇ ಕೆಲ್ವಿನ್ ತಿರುಗಿ ಓಡುತ್ತಾನೆ. ಹುಡುಗ ಪಕ್ವವಾಗಿದ್ದಾನೆ ಎಂದು ಟೀವಿಯ ಪಂಡಿತರು ಮೆಚ್ಚಿದರು. ಕಿನ್‌ಲಾಕ್ ಅದು ತಾನು ತಿದ್ದಿದ್ದು ಎಂದ. ಮೊದಲ ಆಟ ಗೆದ್ದ ದಿನ ಮೈಕು ಕೆಲ್ವಿನ್‌ನ ಮುಂದೆಯೂ ಬಂತು. ಹಿಂದಕ್ಕೆ ಓಡಿಬರುವುದನ್ನು ಯಾರು ಕಲಿಸಿದರು ಎಂದು ಕೇಳಿದರು.

"ರಸೆಲ್ ಅಕ್ರಾಯ್ಡ್. ಐದು ವರ್ಷ ಕೂಗಿ ಕೂಗಿ ಕಲಿಸಿದ. ಅವನು ಕೂಗಿದಾಗ ನಾನು ಹೋಗಲಿಲ್ಲ, ಸೆಮಿಫೈನಲ್ಲಿನಲ್ಲಿ. ಆ ಚಿತ್ರವನ್ನ ಮೊದಲಿಂದ ತೋರಿಸಿ. ನಿಮ್ಮ ಹತ್ರ ಇದೆ."

ಅವರು ತೋರಿಸಿದರು. ನಾಲ್ಕು ದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಅಭಿಮಾನಿಗಳಲ್ಲಿ ಕೆಲವರು ಬೈದರು, ಕೆಲವರು ಹಳೇ ವಿಷಯ ಯಾಕೆ ಎಂದರು. ಕಿನ್‌ಲಾಕ್ ಎರಡು ಆಟ ಅವನನ್ನು ಹೊರಗೆ ಕೂರಿಸಿದ. ಬೇರೆ ಊರಿನ ಮೈದಾನಗಳಲ್ಲಿ ಅವನ ಮೇಲೂ ಒಂದು ಹಾಡು ಕಟ್ಟಿದರು, ಸೊಂಟದ ಮೇಲೆ ಕೈಯಿಟ್ಟುಕೊಂಡು ಹಾಡುವಂಥದ್ದು. ವೆರೋನಾಳ ಬಸ್ಸಿನಲ್ಲೂ ಒಂದಿಬ್ಬರು ಗುನುಗಿದರು. ಅವಳು ಕನ್ನಡಿಯಲ್ಲಿ ನೋಡಿ, ಟಿಕೆಟ್ ತೋರಿಸಿ ಅಂದಳು.

ರಸೆಲ್ ಕೆಳಗಿನ ಡಿವಿಷನ್ನಿನಲ್ಲಿ ಇನ್ನೆರಡು ವರ್ಷ ಆಡಿದ. ಕೆಲ್ವಿನ್ ಬಿಡುವಿದ್ದಾಗ ಅಲ್ಲಿಗೆ ಹೋಗಿ ಟೋಪಿ ಹಾಕಿಕೊಂಡು ಗೋಲಿನ ಹಿಂದೆ ನಿಂತು ನೋಡುತ್ತಿದ್ದ. ಒಮ್ಮೊಮ್ಮೆ ಆಟದ ನಡುವೆ ರಸೆಲ್ ಅವನನ್ನು ಗುರುತಿಸಿ ತಲೆಯಾಡಿಸುತ್ತಿದ್ದ. ಒಮ್ಮೊಮ್ಮೆ ಆಡಿಸುತ್ತಿರಲಿಲ್ಲ. ಅಂಥ ದಿನ ಕೆಲ್ವಿನ್ ಆಟ ಮುಗಿಯುವವರೆಗೂ ನಿಂತಿದ್ದು, ಯಾರನ್ನೂ ಮಾತಾಡಿಸದೆ ಕಾರಿನ ಹತ್ತಿರ ನಡೆದು ಹೋಗುತ್ತಿದ್ದ.